ಮುಷ್ಟಿಗೂ ಗಲ್ಲಕ್ಕೂ ಒಂದು ಗೇಣು

1959, ಸೆಪ್ಟೆಂಬರ್ 14, ಸೋಮವಾರ

ಗೊಣಗುವುದಿದ್ದರೆ ಪುಸ್ತಕದಲ್ಲಿ ಗೊಣಗು, ಊಟದ ಮೇಜಿನ ಮೇಲೆ ಬೇಡ ಎಂದು ಲೋರೇನ್ ಅಪ್ಪಣೆ ಕೊಡಿಸಿದ್ದಾಳೆ. ಹೆಂಡತಿಯ ಮಾತು ಮೀರಿದರೆ ಊಟ ಆರುತ್ತದೆ. ಆದ್ದರಿಂದ ಹೊಡೆದಾಟಗಳ ವಿವರ ಬರೆಯುವ ಈ ಪುಸ್ತಕವನ್ನೇ ತಿರುಗಿಸಿ ಹಿಂದಿನ ಹಾಳೆಯಿಂದ ಶುರುಮಾಡಿದ್ದೇನೆ. ಮುಂದಿನ ಕಡೆ ಯಾರು ಯಾರಿಗೆ ಹೊಡೆಯಬೇಕು ಎಂದಿದೆ. ಹಿಂದಿನ ಕಡೆ ನನಗೆ ಯಾರಿಗೆ ಹೊಡೆಯಬೇಕು ಅನ್ನಿಸಿತು ಎಂದಿರುತ್ತದೆ.

ಇವತ್ತು ಮೊದಲನೆಯವನು ವೇಡ್ ಕಾರ್ಬಿನ್. ಶನಿವಾರದ ನಮ್ಮ ಟೀವಿ ಧಾರಾವಾಹಿಯ ಶೆರಿಫ್.

"ಈ ವಾರ ಎಷ್ಟು ಏಟು ತಿಂತೀನಿ ಡೆಲ್?" ಎಂದ.

"ಮೂರು."

"ಎರಡು ಮಾಡಪ್ಪ. ಹೋದ ವಾರ ನಾಲ್ಕು ತಿಂದೆ ಅಂತ ಅಮ್ಮ ಒಹಾಯೋದಿಂದ ಫೋನ್ ಮಾಡಿದ್ಳು."

"ತಿಂದಿದ್ದು ನಾನು."

"ಅದು ಅಮ್ಮನಿಗೆ ಗೊತ್ತಿಲ್ವಲ್ಲ."

ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಮೂರು ವರ್ಷದಿಂದ ಅವನ ಏಟೆಲ್ಲ ನಾನೇ ಹೊಡೆಯುತ್ತೇನೆ, ಅವನ ಪಾಲಿನದನ್ನು ನಾನೇ ತಿನ್ನುತ್ತೇನೆ. ಬೆನ್ನು ಕ್ಯಾಮೆರಾದ ಕಡೆಗೆ, ಟೋಪಿ ಹುಬ್ಬಿನವರೆಗೆ. ಆ ಟೋಪಿಯ ಕೆಳಗೆ ಅವನದೊಂದು ಕೂದಲಿನ ಟೋಪಿಯೂ ಇದೆ. ಆದ್ದರಿಂದ ಎಂಥ ಹೊಡೆದಾಟದಲ್ಲೂ ಶೆರಿಫನ ಟೋಪಿ ಬೀಳುವುದಿಲ್ಲ. ಅಂಟು ಹಾಕಿರುತ್ತೇವೆ. ದೇಶದ ಮಕ್ಕಳೆಲ್ಲ ಅದನ್ನು ಶೌರ್ಯ ಎಂದುಕೊಂಡಿದ್ದಾರೆ.

ಎರಡನೆಯವನು ನಾಚೊ. ಇಗ್ನಾಸಿಯೊ ವೆಲಾರ್ಡೆ. ಹದಿನೇಳು ವರ್ಷದಿಂದ ನನ್ನ ಕೈಯಲ್ಲಿ ಏಟು ತಿನ್ನುತ್ತಿರುವ ಖಳ. ಅವನ ಮಗಳಿಗೆ ಜ್ಞಾನಸ್ನಾನದಲ್ಲಿ ನಾನು ಧರ್ಮಪಿತನಾಗಿ ನಿಂತದ್ದರಿಂದ ನನ್ನನ್ನು 'ಕೊಂಪಾದ್ರೆ' ಅನ್ನುತ್ತಾನೆ. ಅವರಲ್ಲಿ ಅದು ಅಣ್ಣತಮ್ಮಂದಿರಿಗಿಂತ ಒಂದು ಕೈ ಮೇಲಿನ ನಂಟು. ಅಂಥವನು ಇವತ್ತು ನಾನು ಕಾಫಿ ಬಗ್ಗಿಸುವಾಗ ತಗಡಿನ ಲೋಟವನ್ನು ಅತ್ತಿತ್ತ ಆಡಿಸಿದ. ಲೋಟ ನೆಟ್ಟಗೆ ಹಿಡಿಯಲು ಬಾರದೇನೋ ಎಂದರೆ ನಕ್ಕ.

ಹಂಗಾಮಿನ ಕೊನೆಯ ಕಂತಿಗೆ ಪಡಖಾನೆಯಲ್ಲಿ ಒಂದು ದೊಡ್ಡ ಹೊಡೆದಾಟವಂತೆ. ಅದು ಜನರ ಮನಸ್ಸಿನಲ್ಲಿ ಕೂತರೆ ಮುಂದಿನ ವರ್ಷವೂ ನಾನೇ ಹೊಡೆದಾಟದ ಮೇಷ್ಟ್ರು, ನಾನೇ ಶೆರಿಫನ ಬೆನ್ನು. ಕೂರದಿದ್ದರೆ ಬೇರೆ ಬೆನ್ನು ನೋಡುತ್ತೇವೆ ಎಂದು ನಿರ್ದೇಶಕ ಹಾಲ್ವರ್‌ಸನ್ ನಗುನಗುತ್ತ ಹೇಳಿದ. ಅವನು ನಗುತ್ತ ಹೇಳಿದ್ದೆಲ್ಲ ನಿಜವೇ ಆಗುತ್ತದೆ.

ಆಗಸ್ಟ್‌ನಲ್ಲಿ ಕುದುರೆಲಾಯದ ಮಾಡಿನಿಂದ ಬಿದ್ದಾಗ ಎಡಗಣ್ಣಿಗೆ ಹೋದ ಧೂಳು ಇನ್ನೂ ಹೋಗಿಲ್ಲ. ಈ ಕಣಿವೆಯಲ್ಲಿ ಧೂಳಿಗೇನು ಬರ.

ಸೆಪ್ಟೆಂಬರ್ 17, ಗುರುವಾರ

ಈ ವಾರದ ಹೊಡೆದಾಟಕ್ಕೆ ಕಟ್ಟಿದ ಪದ್ಯ:

*ಎಡಗೈ ತೋರು, ಬಲಗೈ ಬೀರು,*
*ಮೇಜಿನ ಮೇಲೆ ಮೊಣಕಾಲೂರು.*
*ಕುರ್ಚಿ ಎತ್ತು, ನೆತ್ತಿಗೆ ಒತ್ತು,*
*ಬಿದ್ದವನೆದ್ದರೆ ಇನ್ನೊಂದು ತುತ್ತು.*

ಬೇರೆ ಮೇಷ್ಟ್ರುಗಳು ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ಎಣಿಕೆ ಮರೆಯುತ್ತದೆ, ಪ್ರಾಸ ಮರೆಯುವುದಿಲ್ಲ. ನಾನು ಗಟ್ಟಿಯಾಗಿ ಹೇಳುತ್ತೇನೆ, ಹೊಡೆಯುವವನೂ ಬೀಳುವವನೂ ಅದರ ತಾಳಕ್ಕೆ ನಡೆಯುತ್ತಾರೆ. ಸದ್ದನ್ನೆಲ್ಲ ಆಮೇಲೆ ಬೇರೆ ಕೂಡಿಸುತ್ತಾರೆ.

ಉಳಿದದ್ದು ಒಂದು ಗೇಣಿನ ವಿದ್ಯೆ. ಮುಷ್ಟಿ ಗಲ್ಲದ ಮುಂದೆ ಒಂದು ಗೇಣು, ಅಂದರೆ ಒಂಬತ್ತು ಅಂಗುಲ ದೂರದಲ್ಲಿ ಹಾದುಹೋಗಬೇಕು, ಎದುರಿನವನು ತಲೆ ಎಸೆದು ಬೀಳಬೇಕು. ಕ್ಯಾಮೆರಾಗೆ ಇರುವುದು ಒಂದೇ ಕಣ್ಣು, ಅದಕ್ಕೆ ದೂರ ಹತ್ತಿರ ತಿಳಿಯದು. ನಮ್ಮ ಹೊಟ್ಟೆಪಾಡೆಲ್ಲ ಆ ಒಕ್ಕಣ್ಣಿನ ಮೇಲೆ ನಿಂತಿದೆ.

ಅದಕ್ಕೇ ನೆಲದ ಮೇಲೆ ಬಿಳಿ ಪಟ್ಟಿ ಅಂಟಿಸಿ ಗುರುತು ಮಾಡುವುದು. ಬೀಳುವವನು ಆ ಗುರುತಿನ ಮೇಲೆ ನಿಲ್ಲಬೇಕು. ಇವತ್ತು ನಾಚೊ ನಿಂತಿದ್ದು ಅದರ ಹಿಂದೆ. ಹದಿನೇಳು ವರ್ಷದ ಅನುಭವ, ಹದಿನೇಳು ದಿನದವನ ಹಾಗೆ ನಿಂತಿದ್ದ.

"ಗುರುತು ಕಾಣಲ್ವೇನೋ?"

"ಕಾಣುತ್ತೆ ಕೊಂಪಾದ್ರೆ."

"ಮತ್ತೆ?"

"ಬೂಟು ದೊಡ್ಡದು."

ಸೆಪ್ಟೆಂಬರ್ 29, ಮಂಗಳವಾರ

ಗೇಟಿನ ಕಂಬಕ್ಕೆ ಕಾರು ಉಜ್ಜಿತು. ಹನ್ನೆರಡು ವರ್ಷ ಅಲ್ಲೇ ನಿಂತಿದ್ದ ಕಂಬ. ಲೋರೇನ್ ಕಂಬವನ್ನೂ ನೋಡಿದಳು, ನನ್ನನ್ನೂ ನೋಡಿದಳು. ಕಂಬ ಹಾಕಿದವನಿಗೆ ಅಳತೆ ಗೊತ್ತಿರಲಿಲ್ಲ.

ಅಕ್ಟೋಬರ್ 8, ಗುರುವಾರ

ನಮ್ಮ ಧಾರಾವಾಹಿಗೆ ದುಡ್ಡು ಹಾಕುವುದು ಒಂದು ಹಲ್ಲುಪುಡಿ ಕಂಪನಿ. ಅವರ ಕಡೆಯಿಂದ ಟ್ವಿಲ್ಲಿ ಎಂಬ ಮನುಷ್ಯ ಬಂದಿದ್ದ, ಕೈಯಲ್ಲಿ ಒಂದು ಚೀಟಿ ಹಿಡಿದು.

"ಒಂದು ಕಂತಿಗೆ ಏಳೇ ಗುದ್ದು. ರಕ್ತ ಬೇಡ. ಮುಖ್ಯವಾಗಿ ಹಲ್ಲು."

"ಹಲ್ಲಿಗೇನು?"

"ಪರದೆ ಮೇಲೆ ಯಾರ ಹಲ್ಲೂ ಉದುರಬಾರದು. ಹಲ್ಲಿಲ್ಲದವರು ಕ್ಯಾಮೆರಾಗೆ ಮುಖ ತೋರಿಸಬಾರದು. ಮುದುಕರೂ ಸೇರಿ."

"1870ರ ಪಡಖಾನೆ ಸ್ವಾಮಿ ಇದು. ಆಗ ಹಲ್ಲುಜ್ಜೋರೇ ಇರಲಿಲ್ಲ."

"ಈಗ ಇದಾರಲ್ಲ" ಎಂದು ಟ್ವಿಲ್ಲಿ ತನ್ನ ಮೂವತ್ತೆರಡನ್ನೂ ತೋರಿಸಿದ.

ಏಳು ಗುದ್ದಿನಲ್ಲಿ ನೆನಪಿನಲ್ಲುಳಿಯುವ ಹೊಡೆದಾಟ ಮಾಡಬೇಕಂತೆ. ಏಳು ಅಕ್ಕಿಕಾಳಿನಲ್ಲಿ ಮದುವೆಯೂಟ ಹಾಕಿದ ಹಾಗೆ. ಸಿಟ್ಟಿನಲ್ಲಿ ಸಿಗರೇಟು ಹಚ್ಚಲು ಹೋದರೆ ಕಡ್ಡಿಯ ಬೆಂಕಿ ಸಿಗರೇಟಿನ ತುದಿಗೆ ಸಿಗುತ್ತಿಲ್ಲ. ಮೂರು ಕಡ್ಡಿ ದಂಡ. ನಾಲ್ಕನೆಯದಕ್ಕೆ ನಾಚೊ ಬಂದು ತನ್ನ ಕಡ್ಡಿಯಿಂದ ಹಚ್ಚಿಕೊಟ್ಟ. ನಾನು ಕೇಳಿರಲಿಲ್ಲ.

ಅಕ್ಟೋಬರ್ 20, ಮಂಗಳವಾರ

ಮಿಸ್ ಫಿಂಚ್ ಎಂಬ ಹೆಂಗಸಿನ ಕೆಲಸವೇ ಬರೆದುಕೊಳ್ಳುವುದು. ಯಾವ ಗುಂಡಿ ಬಿಚ್ಚಿತ್ತು, ಯಾವ ಲೋಟ ಎಲ್ಲಿತ್ತು, ಯಾರ ಕಾಲು ಎಲ್ಲಿತ್ತು. ಇವತ್ತಿನ ಚಿತ್ರೀಕರಣ ನಿನ್ನೆಯದಕ್ಕೆ ಹೊಂದಬೇಕಲ್ಲ. ನಾನು ನಾಚೊನ ಮೇಲಿನ ದೂರಿಗೆ ಸಾಕ್ಷಿ ಬೇಕೆಂದು ಅವರ ಬಳಿ ಹೋದೆ.

"ಬರೆದಿದೀನಿ" ಎಂದು ಹಾಳೆ ಮಗುಚಿದರು. "ಸೆಪ್ಟೆಂಬರ್‌ನಲ್ಲಿ ಗುರುತಿನಿಂದ ಎರಡು ಅಂಗುಲ ಹಿಂದೆ. ತಿಂಗಳ ಕೊನೆಗೆ ನಾಲ್ಕು. ಹೋದ ವಾರ ಆರು."

"ನೋಡಿದ್ರಾ? ದಿನಾ ದಿನಾ ಸೋಮಾರಿ ಆಗ್ತಿದಾನೆ."

ಮಿಸ್ ಫಿಂಚ್ ಕನ್ನಡಕ ತೆಗೆದು ಒರೆಸಿದರು. "ಪರದೆ ಮೇಲೆ ಮಾತ್ರ ಎಲ್ಲ ಏಟೂ ಒಂದೇ ಥರ ಕಾಣುತ್ತೆ ಮಿಸ್ಟರ್ ಹಾಸ್ಕಿನ್. ಅದು ಹ್ಯಾಗೆ?"

"ಅದು ನನ್ನ ಕೈಚಳಕ."

"ಇರಬಹುದು" ಎಂದು ಅದನ್ನೂ ಬರೆದುಕೊಂಡರು. ಓದಿದವರ ಹತ್ತಿರ ಹೊಡೆದಾಟದ ವಿಷಯ ಮಾತಾಡಬಾರದು.

ಅಕ್ಟೋಬರ್ 21, ಬುಧವಾರ

ಏಳು ಅಂಗುಲ. ನಾನೇ ಅಳೆದೆ.

ನವೆಂಬರ್ 3, ಮಂಗಳವಾರ

ಪಡಖಾನೆಯ ಹೊಡೆದಾಟದ ತಾಲೀಮು ಶುರು. ಬೆಂಡಿನಂಥ ಮರದ ಕುರ್ಚಿ ಹತ್ತು, ಸಕ್ಕರೆಪಾಕದ ಗಾಜಿನ ಸೀಸೆ ಹನ್ನೆರಡು, ಗುದ್ದು ಏಳು. ಆರು ಗುದ್ದು ಸಾಧಾರಣ, ಏಳನೆಯದರಲ್ಲಿದೆ ಪ್ರಾಣ. ನಾಚೊ ಕುರ್ಚಿ ಎತ್ತಿ ಬರುತ್ತಾನೆ, ಶೆರಿಫ್ ಒಂದೇ ಒಂದು ಹೊಡೆಯುತ್ತಾನೆ, ಕುರ್ಚಿ ಅವನ ತಲೆಯ ಮೇಲೇ ಪುಡಿ, ಅವನು ಬಾರಿನ ಕಟ್ಟೆಯ ಮೇಲಿಂದ ಆಚೆ. ಕ್ಯಾಮೆರಾ ನನ್ನ ಭುಜದ ಹಿಂದೆ.

ಎಂಟು ಸಲ ಮಾಡಿದೆವು. ಎಂಟು ಸಲವೂ ಅವನು ಗುರುತಿನ ಹಿಂದೆ. ಕುರ್ಚಿಗಳು ಮುಗಿಯುತ್ತವೆ ಎಂದು ಬಡಗಿ ಅಳುವುದೊಂದು ಬಾಕಿ.

ಊಟದ ಹೊತ್ತಿಗೆ ಅವನನ್ನು ಕುದುರೆಕಟ್ಟೆಯ ಹಿಂದೆ ಕರೆದೊಯ್ದೆ.

"ನಿನಗೆ ನನ್ನ ಕೆಲಸ ಬೇಕಾ? ಬೇಕಿದ್ರೆ ಬಾಯಿಬಿಟ್ಟು ಕೇಳು. ಕೊನೇ ಕಂತು ಹಾಳು ಮಾಡಿ ತಗೋಬೇಡ."

"ನಿನ್ನ ಕೆಲಸ ನನಗ್ಯಾರು ಕೊಡ್ತಾರೆ ಕೊಂಪಾದ್ರೆ? ಈ ಮುಖಕ್ಕೆ ಬೀಳೋ ಕೆಲಸ ಮಾತ್ರ ಇರೋದು."

"ಮತ್ತೆ ಗುರುತಿನ ಮೇಲೆ ಬೀಳು."

ಅವನು ತನ್ನ ಟೊರ್ಟಿಯ ರೊಟ್ಟಿ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಆ ಧೂಳು. ಕಣ್ಣಿಂದು. ಹೋಯ್ತಾ?"

"ನನ್ನ ಕಣ್ಣಿನ ವಿಷಯ ನಿನಗ್ಯಾಕೆ? ಕಾಲಿನ ವಿಷಯ ಮಾತಾಡು."

"ಸ್ಯಾನ್ ಫರ್ನಾಂಡೊದಲ್ಲಿ ಒಬ್ಬ ಡಾಕ್ಟರಿದಾನೆ. ಯಾರಿಗೂ ಹೇಳಲ್ಲ."

ಹೇಳಲ್ಲವಂತೆ. ಈ ಕಸುಬಿನಲ್ಲಿ ನೋವು ಎಂದವನಿಗೆ ನಾಳೆ ಇಲ್ಲ. ಸೊಂಟ ಮುರಿದರೂ ಸೊಗಸಾಗಿದ್ದೇನೆ ಅನ್ನಬೇಕು. ಒಬ್ಬನ ಪೆಟ್ಟಿನ ವಿಷಯ ಇನ್ನೊಬ್ಬ ಎತ್ತುವುದೇ ಇಲ್ಲ, ಅದು ನಮ್ಮಲ್ಲಿ ತಾಯಿಯನ್ನು ಬೈದದ್ದಕ್ಕೆ ಸಮ. ಅದು ಗೊತ್ತಿದ್ದೂ ಎತ್ತಿದ. ನಾನು ಊಟ ಬಿಟ್ಟು ಎದ್ದುಬಂದೆ.

ನವೆಂಬರ್ 11, ಬುಧವಾರ

ನಾಳೆ ಚಿತ್ರೀಕರಣ. ಪದ್ಯದ ಕೊನೆಯ ಸಾಲು ಇವತ್ತು ಸಿಕ್ಕಿತು. ಹೊಸಬರಿಗೆಲ್ಲ ಕಲಿಸುವ ಹಳೆಯ ಸಾಲನ್ನೇ ಸ್ವಲ್ಪ ತಿದ್ದಿದೆ:

*ಮುಷ್ಟಿಗೂ ಗಲ್ಲಕ್ಕೂ ಗೇಣು ದೂರ,*
*ಗೇಣು ತಪ್ಪಿದರೆ ಹಲ್ಲೇ ದೂರ.*

ಟ್ವಿಲ್ಲಿಗೆ ಕೇಳಿಸದ ಹಾಗೆ ಹೇಳಬೇಕು.

ಸಂಜೆ ನಾಚೊ ಒಂಬತ್ತು ಅಂಗುಲ ಹಿಂದಿದ್ದ. ಪೂರ್ತಿ ಒಂದು ಗೇಣು. ತಡೆಯಲಾಗಲಿಲ್ಲ. ಬಡಗಿಯನ್ನು ಕರೆದು, ಗುರುತಿನ ಮೇಲೆ ನಿಂತವನ ಹಿಮ್ಮಡಿ ಎಲ್ಲಿ ಬರುತ್ತದೋ ಅಲ್ಲಿಗೆ ಸರಿಯಾಗಿ ಒಂದು ಮರದ ಪಟ್ಟಿ ಇಟ್ಟು ಮೊಳೆ ಹೊಡೆ ಎಂದೆ. ಇನ್ನು ಹಿಂದೆ ಸರಿ ನೋಡೋಣ.

ಎಲ್ಲರೂ ನೋಡುತ್ತಿದ್ದರು. ನಾಚೊ ಪಟ್ಟಿಯನ್ನು ಬೂಟಿನಿಂದ ಮುಟ್ಟಿದ.

"ಇದು ಇರಲೇಬೇಕಾ ಕೊಂಪಾದ್ರೆ?"

"ಇರಲೇಬೇಕು."

"ಸರಿ. ಮೇಷ್ಟ್ರು ನೀನು."

ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ನಾಟಕಕ್ಕೇನೂ ಕಡಿಮೆಯಿಲ್ಲ.

ನವೆಂಬರ್ 12, ಗುರುವಾರ

ತಾಗಿತು.

ಏಳನೆಯದು. ನನ್ನ ಗೆಣ್ಣಿಗೆ ಅವನ ದವಡೆ ಸಿಕ್ಕಿತು. ಹದಿನೇಳು ವರ್ಷದಲ್ಲಿ ಮೊದಲ ಸಲ ಅವನ ಮುಖ ಎಷ್ಟು ಗಟ್ಟಿ ಎಂದು ಗೊತ್ತಾಯಿತು. ಕುರ್ಚಿ ಪುಡಿಯಾಯಿತು. ಅವನು ಬಾರಿನಾಚೆ ಬಿದ್ದ, ಬೀಳಬೇಕಾದ ಕಡೆಯೇ ಬಿದ್ದ, ಕೈಕಾಲು ಹೇಗೆ ಬರಬೇಕೋ ಹಾಗೆಯೇ ಬಂತು.

ಹಾಲ್ವರ್‌ಸನ್ ಚಪ್ಪಾಳೆ ತಟ್ಟಿದ. "ಇದು ಕಣ್ರೀ ಹೊಡೆದಾಟ ಅಂದ್ರೆ."

ಟ್ವಿಲ್ಲಿ ಬಂದು ಕೇಳಿದ: "ಬಿಳಿ ಏನೋ ಹಾರಿತಲ್ಲ?"

"ಕುರ್ಚಿ ಚೂರು" ಎಂದರು ಮಿಸ್ ಫಿಂಚ್, ಪುಸ್ತಕದಿಂದ ತಲೆಯೆತ್ತದೆ.

ಬಾರಿನ ಹಿಂದೆ ಹೋಗಿ ನೋಡಿದೆ. ನಾಚೊ ಕೂತಿದ್ದ, ಬಾಯಿಗೆ ಟೋಪಿ ಹಿಡಿದುಕೊಂಡು. ಟೋಪಿ ತುಂಬ ಕೆಂಪು. ಅವನ ಬೂಟಿನ ಹಿಮ್ಮಡಿಗೆ ಮರದ ಪಟ್ಟಿಯ ಬಣ್ಣ ಹತ್ತಿತ್ತು.

ಅವನು ಗುರುತಿನ ಮೇಲೇ ಇದ್ದ.

ನವೆಂಬರ್ 14, ಶನಿವಾರ

ಬೆಳಿಗ್ಗೆ ನಾಚೊನ ಮನೆಗೆ ಹೋದೆ. ಲೋರೇನ್ ಕಾರು ಓಡಿಸಿದಳು.

ದವಡೆ ಮುರಿದಿದೆ. ತಂತಿ ಕಟ್ಟಿ ಬಾಯಿ ಮುಚ್ಚಿದ್ದಾರೆ. ಮುಂದಿನ ಎರಡು ಹಲ್ಲು ಇಲ್ಲ. ಆರು ವಾರ ಕೊಳವೆಯಲ್ಲಿ ಸಾರು. ಅವನ ಹೆಂಡತಿ ಒಫೇಲಿಯ ಬಾಗಿಲು ತೆರೆದಳು.

"ಬನ್ನಿ ಕೊಂಪಾದ್ರೆ. ಹೊಡೆದಿದ್ದು ಸಾಲ್ದು ಅಂತ ಬಂದ್ರಾ?"

ಟೋಪಿ ತೆಗೆದು ಒಳಗೆ ಹೋದೆ.

ಅಡುಗೆಮನೆಯ ಮೇಜಿಗೆ ಕೂತೆವು. ಮಗಳ ಸ್ಲೇಟು ಅವನ ಮುಂದಿತ್ತು.

"ತಲೆ ಬಗ್ಗಿಸೋದಲ್ವೇನೋ" ಎಂದೆ.

ಬರೆದ: *ಬಗ್ಗಿಸಿದ್ರೆ ಸೀನು ಹಾಳು.*

"ಮೊದಲೇ ಹೇಳೋದಲ್ವಾ? ನಾನು ಹತ್ತಿರ ಬರ್ತಿದೀನಿ ಅಂತ?"

ಒರೆಸಿದ. ಬರೆದ: *ನಂಬ್ತಿದ್ಯಾ?*

ನಾನು ಗೋಡೆಯ ಕಡೆ ನೋಡಿದೆ. "ಸೆಟ್ಟಿನ ದೀಪಗಳು ಸರಿಯಿಲ್ಲ, ನೆರಳು ಬೀಳುತ್ತೆ" ಎಂದೆ.

ಅವನು ಎದ್ದು ಒಲೆಯ ಮೇಲಿದ್ದ ಕಾಫಿಯ ಪಾತ್ರೆ ತಂದು ನನ್ನ ಕೈಗೆ ಕೊಟ್ಟ. ಒಂದು ಟವೆಲನ್ನು ಮಡಚಿ ಮಡಚಿ ತನ್ನ ಮುಂಗೈಗೆ ಸುತ್ತಿಕೊಂಡ. ಅದೇ ಕೈಯಲ್ಲಿ ಲೋಟ ಹಿಡಿದು ನನ್ನ ಮುಂದೆ ಚಾಚಿದ. ಬಗ್ಗಿಸು ಎಂದು ಕಣ್ಣಿನಲ್ಲೇ ಹೇಳಿದ.

ಬಗ್ಗಿಸಿದೆ. ಲೋಟ ಅಲುಗಲಿಲ್ಲ. ಎರಡು ತಿಂಗಳಿಂದ ನಾನು ಬಗ್ಗಿಸುವಾಗಲೆಲ್ಲ ಅತ್ತಿತ್ತ ಆಡುತ್ತಿದ್ದ ಲೋಟ, ಕಲ್ಲಿನ ಹಾಗೆ ನಿಂತಿತ್ತು.

ಕಾಫಿಯೆಲ್ಲ ಟವೆಲಿನ ಮೇಲೆ ಹೋಯಿತು. ಲೋಟದೊಳಗೆ ಒಂದು ಹನಿ ಇರಲಿಲ್ಲ.

ಒಫೇಲಿಯ ಬಂದು ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಲೋರೇನ್ ಕಿಟಕಿಯಾಚೆ ನೋಡುತ್ತಿದ್ದಳು. ನಾಚೊ ಒದ್ದೆ ಟವೆಲು ಬಿಚ್ಚಿ, ಸ್ಲೇಟು ಎಳೆದುಕೊಂಡು ಬರೆದ: *ಏಟು ಚೆನ್ನಾಗಿತ್ತು.*

ನವೆಂಬರ್ 16, ಸೋಮವಾರ

ಸ್ಯಾನ್ ಫರ್ನಾಂಡೊದ ಡಾಕ್ಟರ್ ದೀಪ ಹಿಡಿದು ನೋಡಿದ. ಎಡಗಣ್ಣಿನ ಒಳಗಿನ ಪರದೆ ಆಗಸ್ಟ್‌ನಲ್ಲೇ ಹರಿದು, ವಾರವಾರಕ್ಕೂ ಕಳಚಿಕೊಂಡು ಬಂದಿದೆಯಂತೆ. "ಆಗಲೇ ಬರಬೇಕಿತ್ತು" ಎಂದ. ಆಗ ಬಂದಿದ್ದರೆ ಅದು ಧೂಳಾಗಿರುತ್ತಿರಲಿಲ್ಲ.

ಧೂಳಲ್ಲ ಎಂದು ನನಗೂ ಗೊತ್ತಿತ್ತೋ ಏನೋ. ಇರಲಿ.

ನವೆಂಬರ್ 23, ಸೋಮವಾರ

ಹಾಲ್ವರ್‌ಸನ್‌ಗೆ ನಾನೇ ಹೇಳಿದೆ. ಪಟ್ಟಿ, ಗುರುತು, ಕಣ್ಣು, ಹಲ್ಲು, ಎಲ್ಲ. ಹದಿನೇಳು ವರ್ಷದಲ್ಲಿ ನಮ್ಮ ಪೈಕಿ ಯಾರೂ ಆ ಬಾಗಿಲು ತಟ್ಟಿ ಒಳಗೆ ಹೋಗಿ ನೋವು ಎಂದದ್ದು ನಾನು ಕೇಳಿಲ್ಲ.

ಅವನು ಈ ಸಲ ನಗಲಿಲ್ಲ. "ನೀನಿನ್ನು ಶೆರಿಫನ ಬೆನ್ನಲ್ಲ ಡೆಲ್. ಕೈ ಬೀಸೋ ಹಾಗಿಲ್ಲ."

"ಗೊತ್ತು. ಆ ಬೆನ್ನು ನಾಚೊಗೆ ಕೊಡಿ."

"ಅವನು ಎರಡಂಗುಲ ಗಿಡ್ಡ."

"ಬೂಟಿನ ಹಿಮ್ಮಡಿ ಎತ್ತರಿಸೋಣ. ಇಲ್ಲಾಂದ್ರೆ ಅವನಿಗೆ ಏನು ಕೆಲಸ ಕೊಡ್ತೀರಿ? ಹಲ್ಲಿಲ್ಲದವರು ಕ್ಯಾಮೆರಾಗೆ ಮುಖ ತೋರಿಸಬಾರದು ಅಂತ ಟ್ವಿಲ್ಲಿ ಚೀಟೀಲಿದೆ. ಬೆನ್ನಿನಲ್ಲಿ ಹಲ್ಲಿರಲ್ಲ."

ಹಾಲ್ವರ್‌ಸನ್ ಪೆನ್ಸಿಲು ಕಚ್ಚಿದ. ಆಮೇಲೆ, ಆ ಕಂತು ಟೀವಿಯಲ್ಲಿ ಬರಲಿ, ಜನ ಏನನ್ನುತ್ತಾರೆ ನೋಡೋಣ ಎಂದ.

1960, ಜನವರಿ 14, ಗುರುವಾರ

ಆ ಕಂತು ಹೋದ ಶನಿವಾರ ಟೀವಿಯಲ್ಲಿ ಬಂತು. ಇವತ್ತಿಗೆ ಕಾಗದಗಳ ಎರಡು ಮೂಟೆ. ಟೀವಿಯಲ್ಲಿ ಇಂಥ ಗುದ್ದು ಹಿಂದೆ ಕಂಡಿಲ್ಲವಂತೆ. ಅಯೋವಾದ ಒಬ್ಬ ಶಾಲಾ ಮಾಸ್ತರು ಏಳನೆಯ ಏಟನ್ನು ಎರಡು ಪುಟ ವರ್ಣಿಸಿದ್ದಾರೆ. ಬಿದ್ದವನ ಮುಖದಲ್ಲಿ ನಿಜವಾದ ನೋವಿನ ಅಭಿನಯ ಅದ್ಭುತ ಎಂದಿದ್ದಾರೆ. ಎಲ್ಲಿ ಹೋದರೂ ಅದೇ ಮಾತು. ಪೆಟ್ರೋಲು ಹಾಕುವವನೂ ಅದನ್ನೇ ಮಾಡಿ ತೋರಿಸುತ್ತಾನೆ. ಮುನ್ನೂರು ಏಟು ಕಲೆಯಿಂದ ಹೊಡೆದೆ, ಒಬ್ಬರಿಗೂ ನೆನಪಿಲ್ಲ. ಒಂದು ತಪ್ಪು ಹೊಡೆದೆ, ಇಡೀ ದೇಶಕ್ಕೆ ನೆನಪು.

ವೇಡ್ ತಬ್ಬಿಕೊಂಡ. "ಅಮ್ಮ ಅತ್ತಳು ಡೆಲ್. ನನ್ನ ಮಗ ಎಂಥ ಗಂಡಸು ಅಂತ." ಆಮೇಲೆ ದನಿ ತಗ್ಗಿಸಿ, "ಇನ್ಮೇಲೆ ನನ್ನ ಬೆನ್ನು ನಾಚೊ ಅಂತೆ. ಅಮ್ಮನಿಗೆ ಗೊತ್ತಾಗಲ್ವಲ್ಲ?"

"ಮೂರು ವರ್ಷದಿಂದ ಅದು ನಂದು ಅಂತ ಗೊತ್ತಾಯ್ತಾ?"

ನಾನು ಮೇಷ್ಟ್ರಾಗಿ ಉಳಿದಿದ್ದೇನೆ. ಪದ್ಯ ಕಟ್ಟಲು ಒಂದು ಕಣ್ಣು ಸಾಕು. ಜೊತೆಗೆ, ಮೂವತ್ತೆರಡು ಹಲ್ಲೂ ಇರುವ ಖಳನೊಬ್ಬ ಬೇಕಿತ್ತು. ಅದೂ ನಾನೇ.

ಜನವರಿ 18, ಸೋಮವಾರ

ಬೀಳುವ ಕೆಲಸದ ಮೊದಲ ದಿನ. ನಾಚೊ ಎತ್ತರದ ಹಿಮ್ಮಡಿಯ ಬೂಟು ಹಾಕಿಕೊಂಡು, ಅಂಟಿಸಿದ ಟೋಪಿಯಲ್ಲಿ, ಶೆರಿಫನಾಗಿ ಎದುರು ನಿಂತ. ನಾನು ಗುರುತಿನ ಮೇಲೆ. ಪದ್ಯ ಹೇಳಿದೆ. ಅವನ ಮುಷ್ಟಿ ಹೊರಟದ್ದು ಕಂಡಿತು, ಎಲ್ಲಿಗೆ ಬಂತು ಎಂದು ಕಾಣಲಿಲ್ಲ. ಕಾಲು ತಾನೇ ಹಿಂದೆ ಹೋಯಿತು.

"ಕೊಂಪಾದ್ರೆ, ಗುರುತಿನ ಮೇಲೆ ನಿಂತ್ಕೊ."

"ನಿಂತೇ ಇದೀನಲ್ಲ."

"ನಾಲ್ಕು ಅಂಗುಲ" ಎಂದರು ಮಿಸ್ ಫಿಂಚ್.

ಐದು ಸಲ ಆಯಿತು. ಐದು ಸಲವೂ ಕಾಲು ನನ್ನ ಮಾತು ಕೇಳಲಿಲ್ಲ. ನಾಚೊ ಹಲ್ಲಿಲ್ಲದ ಜಾಗಕ್ಕೆ ನಾಲಿಗೆ ಚಾಚಿಕೊಂಡು ಕಾದ. ಅವನು ಬೈದಿದ್ದರೆ ವಾಸಿಯಿತ್ತು.

ಬಡಗಿಯನ್ನು ಕರೆದೆ. ಪಟ್ಟಿ ಇಟ್ಟು ಮೊಳೆ ಹೊಡೆ ಎಂದೆ, ನನ್ನ ಹಿಮ್ಮಡಿಯ ಹಿಂದೆ.

"ಬೇಡ ಕೊಂಪಾದ್ರೆ" ಎಂದ ನಾಚೊ.

"ಹೊಡಿ" ಎಂದೆ ಬಡಗಿಗೆ.

ಹಿಮ್ಮಡಿಯನ್ನು ಪಟ್ಟಿಗೆ ತಾಗಿಸಿ ನಿಂತೆ. ಮುಷ್ಟಿಗೂ ಗಲ್ಲಕ್ಕೂ ಗೇಣು ದೂರ ಎಂದು ನಾನೇ ಹೇಳಿದೆ, ಸ್ವಲ್ಪ ಬೇಗ. ಗಾಳಿ ಗಲ್ಲಕ್ಕೆ ತಾಗಿತು. ಕೈ ತಾಗಲಿಲ್ಲ. ತಲೆ ಎಸೆದು ಬಿದ್ದೆ.

ನೆಲ ಮಾತ್ರ ಯಾರೂ ಗುಡಿಸಿರಲಿಲ್ಲ. ಈ ಸಲ ಎರಡು ಕಣ್ಣಿಗೂ ಧೂಳು ಹೋಯಿತು.